ನಮ್ಮ ಪೊಲೀಸ್ ಠಾಣೆಗೆ ಎಷ್ಟು ಸ್ಟಾರ್ ಕೊಡೋದು?

ಠಾಣೆಗೂ ರಿವ್ಯೂ ಬರೆಯಬಹುದು ಅಂತ ನನಗೆ ಗೊತ್ತಿರಲಿಲ್ಲ. ಮಗಳು ತೋರಿಸಿದಳು. ಮ್ಯಾಪ್ ತೆಗೆದು ಠಾಣೆ ಮೇಲೆ ಒತ್ತಿದರೆ ದೋಸೆ ಹೋಟೆಲ್‌ಗೆ ಇರೋ ಹಾಗೇ ಸ್ಟಾರ್ ಬರುತ್ತೆ. ಓದಿ ನೋಡಿದೆ. ಅಲ್ಲಿ ಇರೋದು ಎರಡೇ ಜಾತಿ. ಒಂದು ಸ್ಟಾರ್ ಕೊಟ್ಟವರು "ಬರೀ ದುಡ್ಡು, ದುಡ್ಡು" ಅಂತ ಬರೆದಿದ್ದಾರೆ. ಐದು ಸ್ಟಾರ್ ಕೊಟ್ಟವರು ಕೈ ಮುಗಿಯೋ ಚಿತ್ರ ಹಾಕಿ "ನಮ್ಮ ಹೆಮ್ಮೆಯ ಪೊಲೀಸ್" ಅಂದಿದ್ದಾರೆ. ಯಾರು ಏನು ಮಾಡಿದರು, ಯಾವ ದಿನ, ಯಾವ ಕೆಲಸಕ್ಕೆ ಹೋಗಿದ್ದು, ಒಂದೂ ಇಲ್ಲ. ಹೋಟೆಲ್‌ಗಾದರೆ ಸಾಂಬಾರ್ ಚೆನ್ನಾಗಿದೆ, ಚಟ್ನಿ ನೀರು ಅಂತ ಬಿಡಿಸಿ ಬರೀತೀವಿ, ಅಲ್ವಾ?

ಅದಕ್ಕೆ ನಾನು ಬಿಡಿಸಿ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ.

ನನ್ನದು ಮೈಸೂರಿನಲ್ಲಿ ಝೆರಾಕ್ಸ್ ಅಂಗಡಿ. ಠಾಣೆಯಿಂದ ಎರಡು ರಸ್ತೆ ಆಚೆ. ಹದಿನಾಲ್ಕು ವರ್ಷದಿಂದ ಅಲ್ಲೇ ಕೂತಿದ್ದೀನಿ, ಠಾಣೆಗೆ ಹೋಗೋರು ಬರೋರು ಅರ್ಧ ಜನ ನನ್ನ ಅಂಗಡಿ ಮೆಟ್ಟಿಲು ಹತ್ತಿಯೇ ಹೋಗೋದು, ಆಧಾರ್ ಎರಡು ಕಾಪಿ, ಆರ್‌ಸಿ ಎರಡು ಕಾಪಿ. ಠಾಣೆ ಹೆಸರು ಮಾತ್ರ ಹೇಳಲ್ಲ. ಬೈಯೋದಕ್ಕೂ ಹೊಗಳೋದಕ್ಕೂ ಅಲ್ಲಿ ಜನ ಇದ್ದಾರೆ. ಹೆಸರು ಹಾಕಿದರೆ ಬೈಗುಳ ಮಾತ್ರ ಮೇಲಿನವರೆಗೂ ಹೋಗಿ, ಕೆಲಸ ಮಾಡಿದವರ ತಲೆ ಮೇಲೇ ಬಂದು ಬೀಳುತ್ತೆ ಅನ್ನೋ ಭಯ ನನಗೆ.

ನಡೆದಿದ್ದು 2025ರ ದಸರಾದಲ್ಲಿ. ಆ ಸಲ ದಸರಾ ಹನ್ನೊಂದು ದಿನ ಬಂದಿತ್ತಲ್ಲ, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ. ವಿಜಯದಶಮಿಗೆ ನಾಲ್ಕು ದಿನ ಇರುವಾಗ, ಭಾನುವಾರ ಬೆಳಗ್ಗೆ ಹಾಲು ತರೋಣ ಅಂತ ಬಾಗಿಲು ತೆಗೆದರೆ ಗೇಟ್ ಮುಂದೆ ಸ್ಕೂಟರ್ ಇಲ್ಲ. ಏಳು ವರ್ಷದ ಹಳೇ ಆಕ್ಟಿವಾ. ಸೀಟು ಹರಿದು ಹೋಗಿತ್ತು ಅಂತ ಅಂಗಡಿಯ ಬ್ರೌನ್ ಟೇಪನ್ನೇ ಅಡ್ಡಡ್ಡ ಎರಡು ಪಟ್ಟಿ ಹಾಕಿದ್ದೆ. ಹೆಂಡತಿಗೆ ಆ ಟೇಪ್ ಕಂಡರೆ ನಾಚಿಕೆ. ಆ ಟೇಪಿನ ವಿಷಯ ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

112ಕ್ಕೆ ಫೋನ್ ಮಾಡಿದೆ. ಇಲ್ಲಿಂದಲೇ ರಿವ್ಯೂ ಶುರು. ಫೋನ್ ತಕ್ಷಣ ತೆಗೆದರು, ಕನ್ನಡದಲ್ಲಿ ಮಾತಾಡಿದರು, ಹನ್ನೆರಡು ನಿಮಿಷಕ್ಕೆ ಗಾಡಿ ಬಂತು. ಇಬ್ಬರು ಇಳಿದು ಜಾಗ ನೋಡಿದರು. ಎದುರು ಮನೆಯಲ್ಲಿ ಕ್ಯಾಮೆರಾ ಇದೆಯಾ ಅಂತ ಕೇಳಿದರು. "ಠಾಣೆಗೆ ಆರ್‌ಸಿ, ಇನ್ಶೂರೆನ್ಸ್ ಹಿಡಿದುಕೊಂಡು ಹೋಗಿ ಸಾರ್, ಕಂಪ್ಲೇಂಟ್ ಅಲ್ಲೇ ಕೊಡಬೇಕು" ಅಂತ ಮರ್ಯಾದೆಯಾಗಿ ಹೇಳಿ ಹೋದರು. ಇಲ್ಲಿಗೆ ಐದಕ್ಕೆ ಐದು.

ಆಮೇಲೆ ಠಾಣೆ.

ಬಾಗಿಲಲ್ಲಿ ಸೆಂಟ್ರಿ, ಒಳಗೆ ರಿಸೆಪ್ಷನ್ ಅಂತ ಬೋರ್ಡ್ ಇರೋ ಮೇಜು, ಮೇಜಿನ ಹಿಂದೆ ಖಾಲಿ ಕುರ್ಚಿ. ಬೆಂಚಿನ ಮೇಲೆ ಒಂದು ಗಂಟೆ ನಲವತ್ತು ನಿಮಿಷ ಕೂತೆ. ಕೊನೆಗೆ ರೈಟರ್, ಅಂದರೆ ಠಾಣೆಯ ಕಾಗದಪತ್ರ ಬರೆಯೋ ಪೊಲೀಸರು, ಕರೆದರು. ಠಾಣೆಗೆ ಹೋಗಿ ಅಭ್ಯಾಸ ಇಲ್ಲದವರಿಗೆ ಹೇಳಬೇಕು, ಇನ್‌ಸ್ಪೆಕ್ಟರ್ ಸಾಹೇಬ್ರು ದೊಡ್ಡವರು ನಿಜ, ಆದರೆ ನಿಮ್ಮ ಕಾಗದ ಮುಂದೆ ಹೋಗೋದೂ ನಿಲ್ಲೋದೂ ರೈಟರ್ ಕೈಯಲ್ಲಿ.

ಅರ್ಜಿ ಓದಿದರು. ತಲೆ ಎತ್ತದೆ ಕೇಳಿದರು. "ಎಲ್ಲೋ ಇಟ್ಟು ಮರೆತಿದ್ದೀರೇನೋ, ನೋಡಿದ್ರಾ?"

"ಆಕ್ಟಿವಾ ಸಾರ್ ಅದು, ಕನ್ನಡಕ ಅಲ್ಲ" ಅಂದೆ.

ನನ್ನ ಬಾಯಿಗೆ ಆವತ್ತೇ ಬೀಗ ಹಾಕಿಕೊಂಡಿದ್ದರೆ ಒಂದು ದಿನ ಮುಂಚೆ ಕೆಲಸ ಆಗ್ತಿತ್ತೋ ಏನೋ. ಅವರು ಪೆನ್ ತೆಗೆದು ನನ್ನ ಅರ್ಜಿಯಲ್ಲಿ "ಕಳವಾಗಿದೆ" ಅನ್ನೋ ಪದದ ಕೆಳಗೆ ಗೆರೆ ಎಳೆದರು. "ಇಲ್ಲಿ 'ಕಾಣೆಯಾಗಿದೆ' ಅಂತ ಬರೀರಿ. ಎರಡು ದಿನ ನೋಡೋಣ. ದಸರಾ ಮುಗೀಲಿ, ಎಲ್ಲರೂ ಬಂದೋಬಸ್ತ್‌ನಲ್ಲಿದ್ದಾರೆ" ಅಂದರು. ದನಿ ಜೋರಿರಲಿಲ್ಲ, ಬೈಯಲೂ ಇಲ್ಲ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಬನ್ನಿ ಅನ್ನೋ ಥರ ಹೇಳಿದರು.

ಒಂದು ಪದದಲ್ಲಿ ಏನಿದೆ ಅಂತೀರಾ? ಎಲ್ಲಾ ಅದರಲ್ಲೇ ಇದೆ. ಹಿಂದಿನ ವರ್ಷ ಮಗಳ ಮಾರ್ಕ್ಸ್ ಕಾರ್ಡ್ ಕಳೆದಾಗ ಪೊಲೀಸ್ ಆ್ಯಪಿನ ಇ-ಲಾಸ್ಟ್‌ನಲ್ಲಿ ಮನೆಯಲ್ಲೇ ಕೂತು ಹತ್ತು ನಿಮಿಷಕ್ಕೆ ವರದಿ ತಗೊಂಡಿದ್ದೆ. ಅಷ್ಟು ಸಲೀಸಾದ ವ್ಯವಸ್ಥೆ ಮಾಡಿದವರಿಗೆ ನಿಜಕ್ಕೂ ದೊಡ್ಡ ನಮಸ್ಕಾರ. ಕಳೆದುಹೋಯಿತು ಅಂದರೆ ಹತ್ತು ನಿಮಿಷ. ಕದ್ದರು ಅಂದರೆ ಆರು ದಿನ. ಕಳೆದಿದ್ದು ಅಂದರೆ ಎಫ್‌ಐಆರ್ ಬೇಡ, ತನಿಖೆ ಬೇಡ, ಕಳ್ಳನೇ ಇಲ್ಲ. ಕಳವು ಅಂದರೆ ಠಾಣೆಯ ಲೆಕ್ಕಕ್ಕೆ ಒಂದು ಕೇಸ್ ಜಾಸ್ತಿ ಆಗುತ್ತೆ, ತಿಂಗಳ ಕ್ರೈಂ ಮೀಟಿಂಗ್‌ನಲ್ಲಿ ಯಾಕೆ ಜಾಸ್ತಿ ಆಯ್ತು, ಯಾಕೆ ಪತ್ತೆ ಆಗಿಲ್ಲ ಅಂತ ಸಾಹೇಬ್ರನ್ನ ನಿಲ್ಲಿಸಿ ಕೇಳ್ತಾರೆ, ಸಾಹೇಬ್ರು ಬಂದು ರೈಟರನ್ನ ಕೇಳ್ತಾರೆ. ಕೇಸ್ ಬರೆದುಕೊಂಡ ಠಾಣೆ ಕೆಟ್ಟದ್ದು, ಬರೆದುಕೊಳ್ಳದ ಠಾಣೆ ಒಳ್ಳೇದು ಅಂತ ಕಾಣೋ ಲೆಕ್ಕ ಇದು. ರೈಟರ್ ಬಗ್ಗೆ ನನಗೆ ಸಿಟ್ಟಿದೆ, ಆದರೆ ಆ ಲೆಕ್ಕ ಹಾಕಿದವರು ಅವರಲ್ಲ ಅನ್ನೋದೂ ಗೊತ್ತು.

ನನ್ನ ಅಕ್ಕನ ಮಗ ವಕೀಲರ ಹತ್ತಿರ ಜೂನಿಯರ್. ಅವನು ಹೇಳಿದ. "ಮಾಮ, 2013ರಲ್ಲೇ ಲಲಿತಾ ಕುಮಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಹೇಳಿದೆ. ಸಂಜ್ಞೇಯ ಅಪರಾಧ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದಾದ ಅಪರಾಧ, ಅಂತ ದೂರಿನಲ್ಲೇ ಕಂಡರೆ ಎಫ್‌ಐಆರ್ ಹಾಕಲೇಬೇಕು." 2024ರ ಜುಲೈ 1ರಿಂದ ಹೊಸ ಕಾನೂನು ಬಂತಲ್ಲ, ನಾಗರಿಕ ಸುರಕ್ಷಾ ಸಂಹಿತೆ, ಅದರ 173ನೇ ಕಲಮಿನಲ್ಲಿ ಇನ್ನೂ ಇದೆ ಅಂದ. ಯಾವ ಠಾಣೆಯ ಸರಹದ್ದು ಅಂತ ನೋಡದೆ ದೂರು ತಗೋಬೇಕು. ಆನ್‌ಲೈನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಿದರಾಯಿತು. ಎಫ್‌ಐಆರ್ ಕಾಪಿ ಪುಕ್ಕಟೆ. ಠಾಣೆಯಲ್ಲಿ ತಗೊಳ್ಳದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲೇ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ಅವನು ಹೇಳಿಕೊಟ್ಟಿದ್ದನ್ನ ಬಾಯಿಪಾಠ ಮಾಡಿಕೊಂಡು ಅಕ್ಟೋಬರ್ 3ಕ್ಕೆ ಮೂರನೇ ಸಲ ಹೋದೆ. ಲಲಿತಾ ಕುಮಾರಿ ಹೆಸರೆಲ್ಲ ಬಾಯಿಗೆ ಬರಲೇ ಇಲ್ಲ. "ರಿಜಿಸ್ಟರ್ ಪೋಸ್ಟ್ ಮಾಡ್ತೀನಿ ಸಾರ್" ಅಂತ ಅಷ್ಟೇ ಅಂದೆ. ಅಷ್ಟಕ್ಕೇ ಕಂಪ್ಯೂಟರ್ ಆನ್ ಆಯಿತು. ಎಫ್‌ಐಆರ್ ಪ್ರಿಂಟ್ ತೆಗೆಯುವಾಗ ಅಲ್ಲೊಬ್ಬರು, "ನಿಮ್ಮದೇ ಝೆರಾಕ್ಸ್ ಅಂಗಡಿ ಅಲ್ವಾ, ಎ4 ಬಂಡಲ್ ಒಂದು ಕಳಿಸಿಕೊಡಿ" ಅಂದರು. ಕಳಿಸಿದೆ. ಹದಿನಾಲ್ಕು ವರ್ಷದಲ್ಲಿ ಠಾಣೆಗೆ ಅಂತ ಜನ ನನ್ನ ಹತ್ತಿರ ಕೊಂಡ ಬಂಡಲ್ ಎಷ್ಟು ಅಂತ ಲೆಕ್ಕ ಇಟ್ಟಿಲ್ಲ. ವ್ಯಾಪಾರ ಅಂತ ಸುಮ್ನಿದ್ದೆ. ನನ್ನ ಸರದಿ ಬಂದಾಗಲೇ ಅದು ಲಂಚ ಅಂತ ಅನಿಸಿದ್ದು, ಒಪ್ಪಿಕೊಳ್ತೀನಿ.

ಇಲ್ಲಿಯವರೆಗೆ ಸ್ಟಾರ್ ಕೊಡಿ ಅಂದಿದ್ದರೆ ಅರ್ಧ ಕೊಡ್ತಿದ್ದೆ.

ಮಾರನೇ ದಿನ ಸಂಜೆ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಒಬ್ಬರು ಬಂದರು. ಯೂನಿಫಾರ್ಮ್ ಇಲ್ಲ, ಮಾಸಿದ ಚೆಕ್ಸ್ ಶರ್ಟು, ಕೈಯಲ್ಲಿ ಮಡಚಿದ ಹಾಳೆ. ಕ್ರೈಂ ಕಡೆಯ ಹೆಡ್ ಕಾನ್‌ಸ್ಟೇಬಲ್. ನಮ್ಮ ಕಡೆ ಹಳಬರು ಈಗಲೂ ದಫೇದಾರ್ರು ಅಂತಾರೆ. ವಯಸ್ಸು ಐವತ್ತರ ಹತ್ತಿರ. ಮೊದಲ ಪ್ರಶ್ನೆ, "ಗಾಡಿಗೆ ಗುರುತು ಏನಿದೆ ಸಾರ್? ನಂಬರ್ ಬಿಡಿ, ಪ್ಲೇಟ್ ಕಿತ್ತು ಬಿಸಾಕಿರ್ತಾರೆ." ಬ್ರೌನ್ ಟೇಪಿನ ವಿಷಯ ನಾಚಿಕೆಯಿಂದಲೇ ಹೇಳಿದೆ. "ಎಷ್ಟು ಪಟ್ಟಿ? ಉದ್ದಕ್ಕಾ ಅಡ್ಡಕ್ಕಾ?" ಅಂತ ಕೇಳಿ ಹಾಳೆಯ ಹಿಂಭಾಗದಲ್ಲಿ ಸೀಟಿನ ಚಿತ್ರ ಬರೆದು ಎರಡು ಗೆರೆ ಎಳೆದುಕೊಂಡರು.

ಆಮೇಲೆ ಅವರು ಮಾಡಿದ್ದು ಸಿನಿಮಾದಲ್ಲಿ ತೋರಿಸೋ ಕೆಲಸ ಅಲ್ಲ, ಬೇಜಾರು ಹಿಡಿಸೋ ಕೆಲಸ. ನಮ್ಮ ರಸ್ತೆಯ ಕ್ಯಾಮೆರಾ, ಮುಂದಿನ ರಸ್ತೆಯ ಮೆಡಿಕಲ್ ಶಾಪ್, ಅದರ ಮುಂದಿನ ಬೇಕರಿ, ಪೆಟ್ರೋಲ್ ಬಂಕ್. ಪ್ರತಿ ಕಡೆ ಮಾಲೀಕರನ್ನ ಕಾಯೋದು, ಪಾಸ್‌ವರ್ಡ್ ಗೊತ್ತಿರೋ ಹುಡುಗನನ್ನ ಹುಡುಕೋದು, ಗಡಿಯಾರ ಹದಿನೈದು ನಿಮಿಷ ಹಿಂದೆ ಇರೋ ರೆಕಾರ್ಡಿಂಗನ್ನ ಕೂತು ನೋಡೋದು. ಕೆಲವು ಕಡೆ ಒಂದೇ ವಾರದ ರೆಕಾರ್ಡಿಂಗ್ ಉಳಿಯುತ್ತೆ. ನಮ್ಮ ಎದುರು ಮನೆಯದು ಅವರು ಬರೋ ಹೊತ್ತಿಗೆ ಅಳಿಸಿ ಹೋಗಲು ಒಂದೇ ದಿನ ಬಾಕಿ. ರೈಟರ್ ಹೇಳಿದ ಹಾಗೆ ನಾನು ಇನ್ನೂ ಎರಡು ದಿನ ನೋಡಿದ್ದರೆ ಅದೂ ಹೋಗ್ತಿತ್ತು. ಒಂದೇ ಠಾಣೆ, ಒಬ್ಬರು ಹಾಳು ಮಾಡಿದ ಆರು ದಿನಾನ ಇನ್ನೊಬ್ಬರು ನಿದ್ದೆಗೆಟ್ಟು ತೀರಿಸಿದರು.

ಹನ್ನೊಂದನೇ ದಿನ ಫೋನ್ ಬಂತು. ನಂಜನಗೂಡು ಕಡೆ ಒಂದು ಶೆಡ್ಡಿನಲ್ಲಿ ಮೂರು ಗಾಡಿ ಸಿಕ್ಕಿವೆ, ಒಂದಕ್ಕೆ ಟೇಪ್ ಇದೆ, ಬಂದು ನೋಡಿ ಅಂತ. ಬಣ್ಣದ ಮೇಲೆ ಸ್ಟಿಕ್ಕರ್ ಅಂಟಿಸಿದ್ದರು, ಪ್ಲೇಟ್ ಇರಲಿಲ್ಲ, ಆದರೆ ಟೇಪ್ ಮಾತ್ರ ಬಿಚ್ಚಿರಲಿಲ್ಲ. ಕಳ್ಳನಿಗೂ ಸೀಟು ಹೊಲಿಸೋಕೆ ಮನಸ್ಸಿಲ್ಲ ನೋಡಿ. ದಫೇದಾರ್ರು ಚಾಸಿಸ್ ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನಂಬರ್ ಎಬ್ಬಿಸಿದರು, ನಾವು ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ ಹಾಗೆ. ಆರ್‌ಸಿ ಜೊತೆ ಹೊಂದಿಸಿ ನೋಡಿ, "ನಿಮ್ಮದೇ" ಅಂದರು.

ಅಲ್ಲೇ ಟೀ ಕುಡಿಯುವಾಗ ಕೇಳಿದೆ, ವಿಜಯದಶಮಿ ದಿನ ಎಲ್ಲಿದ್ರಿ ಅಂತ. ಸಯ್ಯಾಜಿರಾವ್ ರಸ್ತೆ, ಬೆಳಗ್ಗೆ ಐದರಿಂದ. ಜಂಬೂಸವಾರಿ ಮುಂದೆ ಹೋದ ಮೇಲೆ ಬನ್ನಿಮಂಟಪದ ಕಡೆ ಹಾಕಿದರಂತೆ, ಪಂಜಿನ ಕವಾಯತು ಮುಗಿದು ಜನ ಖಾಲಿಯಾಗುವಾಗ ರಾತ್ರಿ ಹನ್ನೊಂದೂವರೆ. "ಅಂಬಾರಿ ನೋಡಿದ್ರಾ?" ಅಂದೆ. "ಎಲ್ಲಿ ಸಾರ್, ನಾವು ಜನರ ಕಡೆ ಮುಖ ಮಾಡಿ ನಿಲ್ಲಬೇಕು. ಆನೆ ಹೋಗಿದ್ದು ಶಬ್ದದಲ್ಲೇ ಗೊತ್ತಾಗೋದು" ಅಂದರು. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದೀನಿ, ಹಗ್ಗ ಹಿಡಿದು ನಿಂತವರು ಮೆರವಣಿಗೆಗೆ ಬೆನ್ನು ಹಾಕಿ ನಿಂತಿರ್ತಾರೆ ಅನ್ನೋದು ತಲೆಗೆ ಹೊಳೆದೇ ಇರಲಿಲ್ಲ.

ಹಾಗಾದರೆ ರೈಟರ್ ಹೇಳಿದ ಬಂದೋಬಸ್ತ್ ಮಾತು ಸುಳ್ಳಲ್ಲ. ಆದರೆ ಎಫ್‌ಐಆರ್ ಟೈಪ್ ಮಾಡೋಕೆ ಯಾರೂ ಸಯ್ಯಾಜಿರಾವ್ ರಸ್ತೆಗೆ ಹೋಗಬೇಕಾಗಿರಲಿಲ್ಲ. ಎರಡೂ ನಿಜ.

ಗಾಡಿ ಸಿಕ್ಕಿತು ಅಂದರೆ ಮನೆಗೆ ಬಂತು ಅಂತಲ್ಲ. ಅದು ಕೇಸಿನ ಮಾಲು, ಕೋರ್ಟ್ ಬಿಡಬೇಕು. ಅರ್ಜಿ, ಬಾಂಡು, ಫೋಟೋ, ಇನ್ನೂ ಒಂಬತ್ತು ದಿನ. ಠಾಣೆ ಅಂಗಳದಲ್ಲಿ ಗಾಡಿಗಳ ಸ್ಮಶಾನವೇ ಇದೆ. ಒಂದು ಹಳೇ ಮಾರುತಿಯ ಕಿಟಕಿಯಿಂದ ಬಳ್ಳಿ ಹೊರಗೆ ಬಂದು ಹೂ ಬಿಟ್ಟಿದೆ. ಹಿಡಿದ ಗಾಡಿಗಳನ್ನ ಹೀಗೆ ಠಾಣೆಯಲ್ಲಿ ಕೊಳೆಸಬೇಡಿ, ಬೇಗ ಬಿಟ್ಟುಕೊಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ, ಅಕ್ಕನ ಮಗ ಅದನ್ನೂ ಹೇಳಿದ. ನಾನು ಬೇಗ ಬಿಡಿಸಿಕೊಂಡೆ, ಅವನು ಫೀಸ್ ತಗೊಳ್ಳಲಿಲ್ಲ ಅದಕ್ಕೆ.

ಈಗ ಅಂಗಡಿಯ ಜಗಳ. ಇದನ್ನ ಹೇಳದಿದ್ದರೆ ರಿವ್ಯೂ ಪೂರ್ತಿ ಆಗಲ್ಲ.

ಮಂಡ್ಯದಿಂದ ನನ್ನ ಭಾವಮೈದ ಬಂದಿದ್ದ. ಗಾಡಿ ಸಿಕ್ಕಿದ ಕಥೆ ಹೇಳಿ ದಫೇದಾರ್ರನ್ನ ಹೊಗಳುತ್ತಿದ್ದೆ. ಅವನಿಗೆ ರೇಗಿತು. "ನಿಮ್ಮ ಆಕ್ಟಿವಾ ಸಿಕ್ತು ಅಂತ ಹಾರ ಹಾಕಿ ಭಾವ. ನಮ್ಮೂರಲ್ಲಿ ಮೇ ತಿಂಗಳಲ್ಲಿ ಏನಾಯ್ತು ಮರೆತ್ರಾ?" ಮರೆಯೋ ವಿಷಯವೇ ಅದು? 2025ರ ಮೇನಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ ಮಗುವನ್ನ ಅಪ್ಪ ಅಮ್ಮ ಬೈಕಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಹೆಲ್ಮೆಟ್ ತಪಾಸಣೆಗೆ ಅಂತ ಟ್ರಾಫಿಕ್ ಪೊಲೀಸರು ಅಡ್ಡ ಹಾಕಿದರು. ಬೈಕ್ ಬಿತ್ತು. ಮಗು ಉಳಿಯಲಿಲ್ಲ. ಮೂವರು ಎಎಸ್‌ಐಗಳನ್ನ ಅಮಾನತು ಮಾಡಿದರು. ಭಾವಮೈದ ಅವತ್ತು ಸಂಜೆ ಆ ರಸ್ತೆಯಲ್ಲಿ ಕೂತ ಜನರ ಮಧ್ಯೆ ಇದ್ದವನು. ಅವನ ಮುಂದೆ ಸ್ಕೂಟರ್ ಕಥೆ ಹೇಳೋಕೆ ನನಗೇ ಬಾಯಿ ಬರಲಿಲ್ಲ.

ಆಗ ಪಕ್ಕದಲ್ಲಿ ಲ್ಯಾಮಿನೇಷನ್‌ಗೆ ಕಾಯುತ್ತಿದ್ದ ಯಜಮಾನರೊಬ್ಬರು ಮಾತು ಸೇರಿಸಿದರು. ಅವರ ಮಗ ಕಾನ್‌ಸ್ಟೇಬಲ್. "ಅಡ್ಡ ಹಾಕಿದವರಿಗೆ ಶಿಕ್ಷೆ ಆಗಲಿ ಸ್ವಾಮಿ, ಬೇಡ ಅನ್ನಲ್ಲ. ಆದರೆ ಅವತ್ತಿಂದ ನನ್ನ ಮಗ ರಸ್ತೆಗೆ ಇಳಿದರೆ ಎಲ್ಲರೂ ಕೊಲೆಗಾರ ಅನ್ನೋ ಹಾಗೆ ನೋಡ್ತಾರೆ. ಅವನು ಮದುವೆಯಾಗಿ ಮೂರು ಹಬ್ಬ ಮನೇಲಿ ಮಾಡಿಲ್ಲ." 2016ರ ಜೂನ್ 4ಕ್ಕೆ ಪೊಲೀಸರು ಸಾಮೂಹಿಕ ರಜೆ ಹಾಕ್ತೀವಿ ಅಂತ ಹೊರಟಿದ್ದು, ಸಂಬಳ, ರಜೆ, ಮೇಲಿನವರ ಕಾಟ ಅಂತ ಕೇಳಿದ್ದು, ಪೊಲೀಸರ ಸಂಬಳದ ಬಗ್ಗೆ ಔರಾದ್ಕರ್ ಸಮಿತಿ ವರದಿ ಕೊಟ್ಟಿದ್ದು, ಎಲ್ಲಾ ಅವರಿಗೆ ಬಾಯಲ್ಲೇ ಇತ್ತು. ಪೊಲೀಸರಿಗೆ ನಮ್ಮ ಹಾಗೆ ಸಂಘ ಕಟ್ಟಿ ಕೂಗೋಕೆ ಕಾನೂನಿಲ್ಲ ಅನ್ನೋದೂ ಹೇಳಿದರು.

ಭಾವಮೈದ, "ರಜೆ ಕೊಡಲಿಲ್ಲ ಅಂತ ಬೈಕ್ ಎಳೀತಾರಾ?" ಅಂದ. ಯಜಮಾನರು, "ನನ್ನ ಮಗ ಎಳೆದನಾ?" ಅಂದರು. ಇಬ್ಬರೂ ಸರಿ. ಇಬ್ಬರ ಮಾತೂ ಒಂದಕ್ಕೊಂದು ಉತ್ತರ ಅಲ್ಲ. ಒಬ್ಬರು ಒಂದು ತಪ್ಪಿನ ಬಗ್ಗೆ ಮಾತಾಡ್ತಿದ್ದಾರೆ, ಇನ್ನೊಬ್ಬರು ಒಬ್ಬ ಮನುಷ್ಯನ ಬಗ್ಗೆ. ಮಧ್ಯದಲ್ಲಿ ಲ್ಯಾಮಿನೇಷನ್ ಮಷಿನ್ನಲ್ಲಿ ಯಜಮಾನರ ಕಾರ್ಡ್ ಸೊಟ್ಟಗೆ ಹೋಗಿ ಸಿಕ್ಕಿಹಾಕಿಕೊಂಡಿತು, ಜಗಳ ಅಲ್ಲಿಗೆ ನಿಂತಿತು.

ಡಿಸೆಂಬರ್‌ನಲ್ಲಿ ಠಾಣೆಯಿಂದ ಫೋನ್. ಕಳುವಾದ ಮಾಲನ್ನ ವಾರಸುದಾರರಿಗೆ ಹಿಂದಿರುಗಿಸೋ ಕಾರ್ಯಕ್ರಮ ಇದೆ, ಗಾಡಿ ಸಮೇತ ಬನ್ನಿ. "ಗಾಡಿ ಮನೇಲೇ ಇದೆಯಲ್ಲ ಸಾರ್" ಅಂದೆ. "ಗೊತ್ತು, ಫೋಟೋಗೆ ತನ್ನಿ." ಅಂದರೆ ನನ್ನ ಗಾಡಿ ನಾನೇ ಓಡಿಸಿಕೊಂಡು ಹೋಗಿ, ಕೀ ಅವರ ಕೈಗೆ ಕೊಟ್ಟು, ಮತ್ತೆ ಅವರ ಕೈಯಿಂದ ತಗೊಂಡು ನಗಬೇಕು. ಹೋದೆ. ಸರಗಳು, ಮೊಬೈಲ್‌ಗಳು ಬಿಳಿ ಬಟ್ಟೆ ಮೇಲೆ ಸಾಲಾಗಿ ಇದ್ದವು. ಮೊಬೈಲ್ ವಾಪಸ್ ತಗೊಂಡವರೇ ಜಾಸ್ತಿ. ಸಿಇಐಆರ್ ಅಂತ ಕೇಂದ್ರದ ಪೋರ್ಟಲ್ ಇದೆಯಲ್ಲ, ಫೋನಿನ ಗುರುತಿನ ಐಎಂಇಐ ನಂಬರ್ ಹಾಕಿದರೆ ಫೋನ್ ಬ್ಲಾಕ್ ಆಗುತ್ತೆ, ಬೇರೆ ಸಿಮ್ ಹಾಕಿದರೆ ಗೊತ್ತಾಗುತ್ತೆ, ಅದರಿಂದ ಸಿಕ್ಕಿದ್ದು. ಅದಕ್ಕೂ ಪೂರ್ತಿ ಸ್ಟಾರ್. ಕಂಪ್ಲೇಂಟ್ ಕೊಡುವಾಗ ಕಾನ್‌ಸ್ಟೇಬಲ್‌ಗಳ ತಲೆ ಮೇಲೆ ಹಳೇ ಸ್ಲೋಚ್ ಹ್ಯಾಟ್ ಇತ್ತು, ಈಗ ನೀಲಿ ಪೀಕ್ ಕ್ಯಾಪ್ ಬಂದಿತ್ತು. ದಫೇದಾರ್ರು ಹಿಂದಿನ ಸಾಲಿನಲ್ಲಿ ನಿಂತು ಅದನ್ನ ಸರಿಮಾಡಿಕೊಳ್ತಾ ಇದ್ದರು.

ಒಬ್ಬರು ಫೋನ್ ಹಿಡಿದು ವಿಡಿಯೋಗೆ ಎರಡು ಮಾತು ಹೇಳಿ ಅಂದರು. ರೈಟರ್ ನಾಲ್ಕು ಅಡಿ ದೂರದಲ್ಲಿ ನಿಂತಿದ್ದಾರೆ. ಆರು ದಿನದ ಮಾತು ನಾಲಿಗೆ ತುದಿಯಲ್ಲಿದೆ. ಅದನ್ನ ಹೇಳಿದರೆ ದಫೇದಾರ್ರ ದಿನ ಹಾಳು. ಹೇಳದಿದ್ದರೆ ನನ್ನ ಥ್ಯಾಂಕ್ಸ್ ಇಡೀ ಠಾಣೆಯ ಲೆಕ್ಕಕ್ಕೆ ಹೋಗುತ್ತೆ, ರೈಟರ್ ಪಾಲೂ ಅದರಲ್ಲಿ ಸೇರುತ್ತೆ. ಕೊನೆಗೆ ದಫೇದಾರ್ರ ಹೆಸರು ಹಿಡಿದು, ಟೇಪು, ಬೇಕರಿ, ಪೆಟ್ರೋಲ್ ಬಂಕ್ ಎಲ್ಲಾ ಹೇಳಿ ಅವರಿಗೆ ಮಾತ್ರ ಥ್ಯಾಂಕ್ಸ್ ಹೇಳಿದೆ. "ಠಾಣೆಗೂ ಒಂದು ಮಾತು ಸೇರಿಸಿ" ಅಂದರು ವಿಡಿಯೋದವರು. "ಅದನ್ನ ಬರೆದು ಕೊಡ್ತೀನಿ" ಅಂದೆ.

ಬರೆದೂ ಕೊಟ್ಟೆ. ಒಂದೇ ಹಾಳೆ, ಎರಡು ಪ್ಯಾರಾ, ಮೇಲಧಿಕಾರಿಗಳ ಕಚೇರಿಗೆ. ಮೊದಲ ಪ್ಯಾರಾದಲ್ಲಿ ದಫೇದಾರ್ರು ಮಾಡಿದ್ದು, ತಾರೀಕು ಸಮೇತ. ಎರಡನೇದರಲ್ಲಿ ಆ ಆರು ದಿನ ಮತ್ತು ಬಂಡಲ್, ಅದೂ ತಾರೀಕು ಸಮೇತ. ತೀರಾ ಅನ್ಯಾಯ ಆದವರಿಗೆ ಪೊಲೀಸ್ ದೂರು ಪ್ರಾಧಿಕಾರ ಅಂತ ಬೇರೆ ಇದೆ, 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದಿದ್ದು. ನನ್ನದು ಅಷ್ಟು ದೊಡ್ಡದಲ್ಲ. ಮೂರು ವಾರ ಬಿಟ್ಟು ಒಬ್ಬರು ಫೋನ್ ಮಾಡಿ ಹತ್ತು ನಿಮಿಷ ಕೇಳಿಸಿಕೊಂಡರು. "ಬೈದು ಬರೆಯೋರು ಇದ್ದಾರೆ ಸಾರ್, ಹೊಗಳಿ ಬರೆಯೋರೂ ಇದ್ದಾರೆ, ಎರಡೂ ಒಂದೇ ಹಾಳೇಲಿ ಬಂದರೆ ಯಾವ ಫೈಲಿಗೆ ಹಾಕೋದು ಅಂತ ಗೊತ್ತಾಗಲ್ಲ" ಅಂತ ನಕ್ಕರು. ತಮಾಷೆಗೆ ಅಂದರೋ ನಿಜವಾಗಿಯೋ, ನನಗೆ ತಿಳಿಯಲಿಲ್ಲ.

ಸರಿ, ಸ್ಟಾರ್. 112ಕ್ಕೆ ಐದು. ಇ-ಲಾಸ್ಟ್‌ಗೆ ಐದು. ರೈಟರ್ ಮೇಜಿಗೆ ಒಂದು, ಅದೂ ಬೈಯಲಿಲ್ಲ ಅಂತ. ರಿಸೆಪ್ಷನ್‌ನಲ್ಲಿ ಮನುಷ್ಯರೇ ಇರಲಿಲ್ಲ, ಯಾರಿಗೆ ಕೊಡಲಿ? ದಫೇದಾರ್ರಿಗೆ ಎಷ್ಟು ಕೊಟ್ಟರೂ ಅವರ ಭುಜದ ಮೇಲೆ ಒಂದೂ ಕೂರಲ್ಲ, ಹೆಡ್ ಕಾನ್‌ಸ್ಟೇಬಲ್‌ಗೆ ತೋಳಿನ ಪಟ್ಟಿ ಅಷ್ಟೇ, ಸ್ಟಾರ್ ಶುರುವಾಗೋದು ಎಎಸ್‌ಐನಿಂದ. ಎಲ್ಲಾ ಕೂಡಿಸಿ ಭಾಗಿಸಿ ಮೂರು ಅಂತ ಹಾಕಬಹುದಿತ್ತು. ಹಾಕಿಲ್ಲ, ಸ್ಟಾರ್ ಒತ್ತದೆ ಬರೀ ಬರಹ ಹಾಕೋಕೆ ಬಿಡ್ತಿಲ್ಲ ಅಂತ ಮಗಳು ಬೈತಿದ್ದಾಳೆ.

ಇದನ್ನ ಬರೆದು ಮುಗಿಸೋ ಹೊತ್ತಿಗೆ ಒಬ್ಬರು ಹೆಂಗಸು ಅರ್ಜಿ ಹಿಡಿದು ಎರಡು ಕಾಪಿ ಅಂತ ಬಂದರು. ಸೈಕಲ್ ಹೋಗಿದೆಯಂತೆ, ಮಗನ ಗೇರ್ ಸೈಕಲ್. ಗಾಜಿನ ಮೇಲೆ ಇಡುವಾಗ ನೋಡಿದೆ, "ಕಾಣೆಯಾಗಿರುತ್ತದೆ" ಅಂತ ಬರೆದಿದ್ದರು. "ಕದ್ದಿದ್ದು ತಾನೇ ಅಮ್ಮ?" ಅಂದೆ. ಹೌದು, ಬೀಗ ಒಡೆದಿದ್ದಾರೆ ಅಂದರು. ಪೆನ್ ಕೊಟ್ಟೆ. ತಿದ್ದಿ ತಗೊಂಡು ಹೋದರು. ಮುಕ್ಕಾಲು ಗಂಟೆಗೆ ವಾಪಸ್ ಬಂದರು, ಮುಖ ಗೆಲುವಾಗಿತ್ತು.

"ಬರ್ಕೊಂಡ್ರು ಅಣ್ಣಾ, ಇವತ್ತೇ ಎಫ್‌ಐಆರ್ ಕಾಪಿ ಕೊಡ್ತಾರಂತೆ" ಅಂದರು. ಆಮೇಲೆ ಪರ್ಸ್ ತೆಗೆದು, "ಎ4 ಬಂಡಲ್ ಒಂದಕ್ಕೆ ಎಷ್ಟು?" ಅಂದರು.